ಅಗಳಿ ಲೂಷಸ್ ಬೇಕಂತಲೇ ಸೋತ ಪರೀಕ್ಷೆ

ನಮ್ಮ ಪೋರ್ಟ್ ಆಲ್ಮಾದಲ್ಲಿ ಲೂಷಸ್ ನಾರ್ಸಿಸ್ ಅಂದರೆ ಅರ್ಧ ಊರಿಗೆ ಗುರುತು ಹತ್ತುವುದಿಲ್ಲ, ಅಗಳಿ ಅಂದರೆ ನಾಯಿಗಳಿಗೂ ಗೊತ್ತು. ಹೈಸ್ಕೂಲಿನಲ್ಲಿ ನಮ್ಮ ಅಮೆರಿಕದ ಫುಟ್‌ಬಾಲ್ ಆಡುವಾಗ ಬಿದ್ದ ಹೆಸರು ಅದು. ಚೆಂಡನ್ನು ಕಂಕುಳಲ್ಲಿ ಒತ್ತಿಕೊಂಡು ಓಡಿ ಬಂದವನು ಇವನಿದ್ದ ಕಡೆ ತಿರುಗಿದರೆ ಮುಗಿಯಿತು, ಬಾಗಿಲಿಗೆ ಅಗಳಿ ಹಾಕಿದಂತೆಯೇ. ಅವನು ನನ್ನ ಚಿಕ್ಕಮ್ಮನ ಮಗ. ಚಿಕ್ಕಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದಳು, ಹಾಗಾಗಿ ಅವನು ಉಂಡು ಬೆಳೆದದ್ದೆಲ್ಲ ನಮ್ಮ ಅಡುಗೆಮನೆಯಲ್ಲಿ. ಅದೇ ಅಡುಗೆಮನೆಯ ಗೋಡೆ ಒಡೆಸಿ ಈಗ ನಾನು ಊಟದ ಅಂಗಡಿ ನಡೆಸುತ್ತೇನೆ. ಸೋಮವಾರ ಕೆಂಪು ಬೀನ್ಸ್ ಅನ್ನ, ಶುಕ್ರವಾರ ಕರಿದ ಮೀನು. ನನ್ನ ಹೆಸರು ಮರ್ಸೆಲ್. ಮರ್ಸೆಲ್‌ಳ ಬಾಯಿ ಜೋರು, ಕೈರುಚಿ ಚೆನ್ನಾಗಿದೆ ಅಂತ ಜನ ಹೇಳುತ್ತಾರೆ. ಎರಡೂ ನಿಜ.

ಲೂಷಸ್ ಆಡುತ್ತಿದ್ದದ್ದು ಎದುರಾಳಿಯನ್ನು ತಡೆಯುವ ಸಾಲಿನ ನಟ್ಟನಡುವೆ. ಲೈನ್‌ಬ್ಯಾಕರ್ ಅನ್ನುತ್ತಾರೆ. ಎದುರಿನವರು ಏನು ಮಾಡಲಿದ್ದಾರೆ ಅಂತ ಅವರಿಗಿಂತ ಮೊದಲೇ ತಿಳಿದು, ತನ್ನ ಜೊತೆಯವರಿಗೆಲ್ಲ ನೀನು ಇಲ್ಲಿ ನಿಲ್ಲು, ನೀನು ಅಲ್ಲಿಗೆ ಸರಿ ಎಂದು ಕೂಗಿ ಹೇಳುವ ಕೆಲಸ. ಅವನ ತೋಳಿನ ಗಾತ್ರ ನೋಡಿ, ಇವನಿಗೆ ಡಿಕ್ಕಿ ಹೊಡೆಯುವುದು ಬಿಟ್ಟು ಬೇರೇನೂ ಬರುವುದಿಲ್ಲ ಅಂತ ಎಷ್ಟೋ ಜನ ಮೋಸ ಹೋದರು. ಅವನು ನೋಡುತ್ತಿದ್ದದ್ದು ಬೆರಳುಗಳನ್ನು. ಆಟ ಶುರುವಾಗುವ ಮುಂಚೆ ಎದುರಿನ ಸಾಲಿನ ಆಟಗಾರರು ಬಗ್ಗಿ ಒಂದು ಕೈಯನ್ನು ನೆಲಕ್ಕೆ ಊರುತ್ತಾರಲ್ಲ, ಆ ಕೈಯ ಬೆರಳುಗಳನ್ನು.

"ನುಗ್ಗೋಕೆ ಹೊರಟವನು ಭಾರ ಎಲ್ಲಾ ಕೈಮೇಲೆ ಬಿಡ್ತಾನೆ ಅಕ್ಕಾ, ಬೆರಳು ಬೆಳ್ಳಗಾಗುತ್ತೆ" ಅನ್ನುತ್ತಿದ್ದ, ನನ್ನ ಮೇಜಿನ ಮೇಲೆ ಖಾರದ ಸೀಸೆ, ಉಪ್ಪಿನ ಡಬ್ಬಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು. "ಹಿಂದೆ ಸರಿಯೋನು ಸುಮ್ನೆ ನೆಲ ಮುಟ್ಟಿರ್ತಾನೆ ಅಷ್ಟೆ. ಕೈ ಸುಳ್ಳು ಹೇಳಲ್ಲ."

"ನನ್ನ ಉಪ್ಪಿನ ಡಬ್ಬಿ ಮೊದಲಿದ್ದ ಕಡೆ ಇಡು. ಗಿರಾಕಿ ಕಾಯ್ತಿದಾನೆ."

"ಆ ಟೋಪಿಯವನು ತಾನೆ? ಅವನಿಗೆ ಉಪ್ಪು ಬೇಡ, ಇನ್ನೊಂದು ಸಲ ಅನ್ನ ಬೇಕು. ಚಮಚ ಹಿಡಿದಿರೋದು ನೋಡು."

ಟೋಪಿಯವನು ಅನ್ನವನ್ನೇ ಕೇಳಿದ. ಇಂಥದ್ದು ದಿನಾ ನಡೆಯುತ್ತಿತ್ತು.

ಕಾಲೇಜು ಮುಗಿಸಿ ಉತ್ತರದ ಕಡೆಯ ಒಂದು ವೃತ್ತಿಪರ ತಂಡಕ್ಕೆ ಸೇರಿದ. ಸರೋವರದ ದಂಡೆಯ ಊರು, ಮೂಗು ಉದುರಿ ಬೀಳುವಂಥ ಚಳಿ. ಭಾನುವಾರ ಚರ್ಚಿನಿಂದ ಬಂದವರೆಲ್ಲ ನನ್ನ ಅಂಗಡಿಯ ಟೀವಿ ಮುಂದೆ ಕೂರುತ್ತಿದ್ದೆವು. ಹತ್ತಿರ ಹತ್ತಿರ ಹತ್ತು ವರ್ಷ ಆಡಿದ. ಅಷ್ಟು ದಿನ ಬಾಳಿದ್ದೇ ದೊಡ್ಡದು, ಆ ಆಟದಲ್ಲಿ ಮೊಣಕಾಲು ನಾಲ್ಕೈದು ವರ್ಷಕ್ಕೇ ಕೈಕೊಡುತ್ತದೆ.

ಬೇಸಿಗೆಯಲ್ಲಿ ಊರಿಗೆ ಬಂದಾಗ ಅವನು ಮತ್ತೆ ಮತ್ತೆ ಹೇಳುತ್ತಿದ್ದ ಕತೆ ಒಂದಿತ್ತು. ಪ್ರತಿ ವರ್ಷ ಆಟದ ಕಾಲ ಶುರುವಾಗುವ ಮುಂಚೆ ಆಟಗಾರರಿಗೆಲ್ಲ ಕಂಪ್ಯೂಟರ್ ಮುಂದೆ ಕೂರಿಸಿ ನೆನಪಿನ ಪರೀಕ್ಷೆ ಇಡುತ್ತಾರೆ. ಮುಂದೆ ತಲೆಗೆ ಪೆಟ್ಟು ಬಿದ್ದರೆ ಅದೇ ಪರೀಕ್ಷೆ ಮತ್ತೆ. ಮೊದಲಿಗಿಂತ ಕಡಿಮೆ ಬಂದರೆ ಮೈದಾನಕ್ಕೆ ಬಿಡುವುದಿಲ್ಲ. ಹೊರಗೆ ಕೂತವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ಬಂದವನು ಮತ್ತೆ ಆ ಜಾಗ ಬಿಟ್ಟು ಏಳುವುದಿಲ್ಲ. ಅದಕ್ಕೇ ತಂಡದ ಹಿರಿಯರು ಹೊಸಬರಿಗೆ ಮೊದಲ ದಿನವೇ ಕಿವಿಮಾತು ಹೇಳುತ್ತಾರಂತೆ: ಮೊದಲ ಪರೀಕ್ಷೆಯಲ್ಲೇ ಬೇಕಂತಲೇ ತಪ್ಪು ಮಾಡಿ ದಡ್ಡನಾಗು, ಪೆಟ್ಟು ಬಿದ್ದ ಮೇಲೆ ಯಾರಿಗೂ ಗೊತ್ತಾಗಲ್ಲ. ಇವನೂ ಹಾಗೇ ಮಾಡಿದ, ಹಿರಿಯನಾದ ಮೇಲೆ ಹಾಗೇ ಹೇಳಿಕೊಟ್ಟ.

ಅದನ್ನು ಅವನು ನಟಿಸಿ ತೋರಿಸುವಾಗ ನೋಡಬೇಕಿತ್ತು. ಕಣ್ಣು ಮಂಕು ಮಾಡಿಕೊಂಡು, ಎಡಗಿವಿ ಕೆರೆದುಕೊಳ್ಳುತ್ತಾ, "ಸೇಬು... ಕುರ್ಚಿ... ಅಯ್ಯೋ, ಇನ್ನೊಂದು ಏನೋ ಇತ್ತಲ್ಲಾ ಸಾರ್?" ಅನ್ನುತ್ತಿದ್ದ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವನ ಹೆಂಡತಿ ವರ್ಲೀನ್ ಮಾತ್ರ, "ದೇವರು ಕೊಟ್ಟ ಬುದ್ಧೀನ ಹೀಗೆ ಬೈಕೊಂಡ್ರೆ ಅದು ಕೇಳಿಸ್ಕೊಂಡುಬಿಡುತ್ತೆ" ಅನ್ನುತ್ತಿದ್ದಳು. ಅದಕ್ಕೂ ನಗುತ್ತಿದ್ದೆವು.

ಆಟ ಬಿಟ್ಟು ಊರಿಗೆ ಬಂದು ನಮ್ಮ ಹೈಸ್ಕೂಲಿನ ಹುಡುಗರಿಗೆ ತರಬೇತಿ ಕೊಡತೊಡಗಿದ. ಬಹಳ ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಶುಕ್ರವಾರದ ಆಟದಲ್ಲಿ ಗೆರೆಯಾಚೆ ನಿಂತು, ಸರೋವರದ ಊರಿನ ಹಳೆಯ ತಂಡದವರ ಹೆಸರು ಹಿಡಿದು ನಮ್ಮ ಹುಡುಗರನ್ನು ಕೂಗಿದ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಮುಂದಿನ ಕಬ್ಬಿನ ಕಟಾವಿನ ಹೊತ್ತಿಗೆ ಅವನು ಕಾರ್ಖಾನೆಯ ಗೇಟಿನ ಮುಂದೆ ಗಾಡಿ ನಿಲ್ಲಿಸಿಕೊಂಡು ಮಧ್ಯಾಹ್ನವಿಡೀ ಕಾದ. ಕೇಳಿದರೆ, ಅಮ್ಮನ ಪಾಳಿ ಈಗ ಮುಗಿಯುತ್ತದೆ ಎಂದ. ಚಿಕ್ಕಮ್ಮ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಅವನಿಗಿನ್ನೂ ಐವತ್ತಾಗಿರಲಿಲ್ಲ.

ವರ್ಲೀನ್ ಶಾಲೆಯ ಬಸ್ಸು ಓಡಿಸುತ್ತಾಳೆ. ಅವಳು ಹೊರಗೆ ಹೋದಾಗ ಇವನು ಒಲೆ ಹಚ್ಚಿ ಮರೆಯುತ್ತಾನೆ, ಬಾಗಿಲು ತೆರೆದಿಟ್ಟು ನಡೆದು ಹೋಗಿಬಿಡುತ್ತಾನೆ. ಹಳೆಯ ಆಟಗಾರರಿಗಾಗಿ ಒಂದು ವ್ಯವಸ್ಥೆ ಇದೆ ಅಂತ ಯಾರೋ ಹೇಳಿದರು. ಆಟದಿಂದಲೇ ಬುದ್ಧಿ ಕುಂದಿದೆ ಎಂದು ವೈದ್ಯರು ಒಪ್ಪಿದರೆ ಚಿಕಿತ್ಸೆ ಕೊಡಿಸುತ್ತಾರೆ, ಹಗಲು ಮನೆಯಲ್ಲಿ ನೋಡಿಕೊಳ್ಳಲು ಒಬ್ಬ ದಾದಿಯನ್ನೂ ಕಳಿಸುತ್ತಾರೆ. ನಮಗೆ ಬೇಕಿದ್ದದ್ದು ಆ ದಾದಿ. ಅಂಗಡಿಗೆ ಬೀಗ ಹಾಕಿ, ಅವನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ನನ್ನ ಕಾರಿನಲ್ಲೇ ಇಬ್ಬರನ್ನೂ ನಗರಕ್ಕೆ ಕರೆದುಕೊಂಡು ಹೋದೆ.

ವೈದ್ಯೆ ಚಿಕ್ಕ ವಯಸ್ಸಿನವಳು, ಮಾತು ಮೃದು. ಕೆಲವು ಪದ ಹೇಳಿ, ಸ್ವಲ್ಪ ಹೊತ್ತು ಬೇರೇನೋ ಮಾತಾಡಿಸಿ, "ಈಗ ಆ ಪದಗಳನ್ನ ಹೇಳಿ ನೋಡೋಣ" ಎಂದಳು.

ಲೂಷಸ್ ಎಡಗಿವಿ ಕೆರೆದುಕೊಂಡ. ಕಣ್ಣು ಮಂಕಾಯಿತು. "ಗಡಿಯಾರ..." ಅಂದ. "ಗಡಿಯಾರ. ಇನ್ನೊಂದು ಏನೋ ಇತ್ತಲ್ಲಾ ಮೇಡಂ."

ವರ್ಲೀನ್ ನನ್ನ ಕೈ ಹಿಂಡಿದಳು. ನಗಿಸಲು ಅವನು ಮಾಡುತ್ತಿದ್ದ ಮುಖವೇ ಅದು, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ವೈದ್ಯೆ ತನ್ನ ಕಂಪ್ಯೂಟರ್ ಪರದೆಯಲ್ಲಿ ಹಳೆಯ ದಾಖಲೆ ತೆರೆದಳು. "ಆಡುವಾಗಿನ ಫಲಿತಾಂಶಗಳೆಲ್ಲ ಇಲ್ಲಿವೆ. ಆಗಲೂ ಹೆಚ್ಚುಕಮ್ಮಿ ಇಷ್ಟೇ ಇತ್ತು. ಕುಂದಿದೆ ಅಂತ ನಾನು ಹೇಗೆ ಹೇಳಲಿ?"

"ಅದು ಸುಳ್ಳು ಮೇಡಂ! ಬೇಕಂತಲೇ ತಪ್ಪು ಮಾಡ್ತಿದ್ರು, ಎಲ್ರೂ ಮಾಡ್ತಿದ್ರು" ಎಂದಳು ವರ್ಲೀನ್. "ಹೇಳ್ರೀ, ನೀವೇ ಹೇಳಿ."

ವೈದ್ಯೆ ಅವನ ಕಡೆ ತಿರುಗಿದಳು. "ಹೌದಾ ಮಿಸ್ಟರ್ ನಾರ್ಸಿಸ್? ನೀವೇ ಹೇಳಿದರೆ ನಾನು ಬರೆದುಕೊಳ್ಳಬಹುದು."

ಹೌದು ಅಂತ ಒಂದು ಮಾತು ಸಾಕಿತ್ತು. ಲೂಷಸ್ ನೆಟ್ಟಗೆ ಕೂತು ಅಂಗಿಯ ಗುಂಡಿ ಸರಿಮಾಡಿಕೊಂಡ. ಅವನ ಮುಖದಲ್ಲಿ ನಿಜವಾದ ನೋವಿತ್ತು.

"ನಾನು ಯಾವತ್ತೂ ಮೋಸ ಮಾಡಿಲ್ಲ ಮೇಡಂ. ನಮ್ಮಮ್ಮ ಹಾಗೆ ಬೆಳೆಸಿಲ್ಲ."

ಮರೆತುಬಿಟ್ಟಿದ್ದ. ಊರೆಲ್ಲ ನಗಿಸಿದ ಕತೆಯನ್ನು ಅವನೊಬ್ಬನೇ ಮರೆತಿದ್ದ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಆ ಹುಡುಗಿ ಪೆನ್ನು ಕೆಳಗಿಟ್ಟಳು. ಕೊನೆಗೆ, "ನಿಮ್ಮನ್ನು ನಾನು ನಂಬುತ್ತೇನೆ. ಆದರೆ ಬರೀ ನನ್ನ ನಂಬಿಕೆಯನ್ನು ಆ ವ್ಯವಸ್ಥೆಯವರು ಒಪ್ಪೋದಿಲ್ಲ" ಎಂದಳು. ದಾದಿಯ ಆಸೆ ಅಲ್ಲಿಗೇ ಮುಗಿಯಿತು.

ವಾಪಸ್ ಬರುವಾಗ ವರ್ಲೀನ್ ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಒರಗಿದ್ದಳು. ಲೂಷಸ್ ನನ್ನ ಪಕ್ಕದಲ್ಲಿದ್ದ. ದಾರಿಯ ಎರಡೂ ಕಡೆ ಕಬ್ಬು ಕಡಿದು ಹೊಲಗಳು ಬೋಳಾಗಿದ್ದವು. ಅದನ್ನೇ ನೋಡುತ್ತಾ ಅವನು ಕೇಳಿದ:

"ಅಕ್ಕಾ, ನಾನು ಮೊದಲಿಂದ್ಲೂ ದಡ್ಡನೇನಾ? ಆ ಮೇಡಂ ಹಾಗೇ ಅಂದ್ಲಲ್ಲ. ನೀವೆಲ್ಲ ನಂಗೆ ಬೇಜಾರಾಗುತ್ತೆ ಅಂತ ಹೇಳದೇ ಇದ್ರಾ?"

ನಾನು ಸ್ಟಿಯರಿಂಗನ್ನು ಇನ್ನೂ ಬಿಗಿಯಾಗಿ ಹಿಡಿದೆ. ಅವನು ನನ್ನ ಕೈ ನೋಡಿದ.

"ಬೆರಳು ಬೆಳ್ಳಗಾಗಿದೆ. ಯಾರ ಮೇಲೆ ನುಗ್ತೀಯಾ?"

ಸ್ಟಿಯರಿಂಗ್ ಹಿಡಿದಿದ್ದ ನನ್ನ ಬೆರಳುಗಳು ಸುಣ್ಣದಂತಾಗಿದ್ದವು. ಗಾಡಿಯನ್ನು ಹೊಲದ ಬದಿಗೆ ನಿಲ್ಲಿಸಿದೆ.

"ಲೇ ಅಗಳಿ, ದಡ್ಡನ ಕಣ್ಣಿಗೆ ಇದು ಕಾಣುತ್ತೇನೋ? ಇಲ್ಲಿ ಕೇಳು" ಎಂದು ಎಲ್ಲವನ್ನೂ ಹೇಳಿದೆ. ಹಿರಿಯರ ಕಿವಿಮಾತು, ಸೇಬು, ಕುರ್ಚಿ, ಕಿವಿ ಕೆರೆಯುವುದು, ಉಪ್ಪಿನ ಡಬ್ಬಿ, ಟೋಪಿಯವನು. ಅವನು ಬಾಯಿ ತೆರೆದುಕೊಂಡು ಕೇಳಿದ. ಆಮೇಲೆ ನಕ್ಕ. ಕಾರು ಅಲುಗಾಡುವಷ್ಟು ನಕ್ಕ.

"ಭಾರಿ ಕಿಲಾಡಿ ಕಣಕ್ಕಾ ಅವನು! ಯಾರವನು?"

"ನೀನೇ ಕಣೋ."

"ನಾನಾ?" ಎಂದು ಇನ್ನೂ ಜೋರಾಗಿ ನಕ್ಕ. ಹಿಂದೆ ವರ್ಲೀನ್ ಅಳುತ್ತಲೇ ನಗುತ್ತಿದ್ದಳು.

ಕಾರ್ಖಾನೆಯ ಹೊಗೆ ಕಾಣಿಸುವಷ್ಟರಲ್ಲಿ ಅವನ ನಗು ನಿಂತಿತ್ತು. ಕಿಟಕಿಯಾಚೆ ನೋಡುತ್ತಾ ಕೇಳಿದ, "ಅಕ್ಕಾ, ನಾನು ಮೊದಲಿಂದ್ಲೂ ದಡ್ಡನೇನಾ?"

ಈಗ ಹಗಲೆಲ್ಲ ಅವನು ನನ್ನ ಅಂಗಡಿಯಲ್ಲೇ ಕೂರುತ್ತಾನೆ, ಒಲೆಯಿಂದ ದೂರದ ಮೇಜಿನಲ್ಲಿ. ಅದನ್ನೇ ಕೇಳುತ್ತಾನೆ, ಕೆಲವೊಮ್ಮೆ ಜನ ತುಂಬಿರುವಾಗ. ನಾನು ಸೌಟು ಕೆಳಗಿಟ್ಟು ಮೊದಲಿನಿಂದ ಹೇಳುತ್ತೇನೆ, ಗಿರಾಕಿಗಳು ಕಾಯುತ್ತಾರೆ.