ಮೇಡಂಗೆ ಸಿಗದ ಗುಡಿಯ ಜಗಲಿ

ಅಂಗಳದಲ್ಲಿ ಕುಳಿತು ಅವರೆಕಾಳು ಹಿತುಕುತ್ತಿದ್ದೆ. ಎದುರುಮನೆ ಜಯಮ್ಮ ಓಡಿಬಂದು, "ಅಕ್ಕಾ, ಮೇಡಮ್ಮೋರ್ನ ಗುಡಿ ಜಗಲಿ ಅತ್ತಕ್ಕೆ ಬುಡ್ತಿಲ್ಲ ಕಣಕ್ಕಾ" ಅಂದಳು. ಕೈ ಕೂಡ ತೊಳೆಯದೆ ಎದ್ದು ಹೋದೆ.

ಈ ಮೇಡಂ ಹಾಸನದ ಕಾಲೇಜಿನಲ್ಲಿ ಇತಿಹಾಸ ಕಲಿಸಿದವರು, ಊರೂರು ಸುತ್ತಿ ಶಾಸನ ಓದಿದವರು. ಈ ಸಲ ಜಿಲ್ಲಾ ಪಂಚಾಯಿತಿ ಚುನಾವಣೆಗೆ ನಿಂತು ಮತ ಕೇಳಲು ಬಂದಿದ್ದರು. ಹಿಂದೊಮ್ಮೆ ಊರಿಗೆ ಬಂದಾಗ, ಈಶ್ವರನ ಗುಡಿ ಮುಂದೆ ನಾವು ತಲೆಮಾರುಗಳಿಂದ ತೆಂಗಿನಕಾಯಿ ಒಡೆಯುತ್ತಿದ್ದ ಕಲ್ಲು ಶಾಸನವೆಂದು ತೋರಿಸಿಕೊಟ್ಟವರು ಅವರೇ. ರಾಜರ ಕಾಲದಲ್ಲಿ ಒಬ್ಬ ಹೆಂಗಸು ಗುಡಿಯ ದೀಪಕ್ಕೆಂದು ಹೊಲ ಬಿಟ್ಟುಕೊಟ್ಟಳೆಂದು ಅದರಲ್ಲಿ ಕೆತ್ತಿದೆಯಂತೆ.

ಗುಡಿ ಸಮಿತಿಯ ಯಜಮಾನರು ಕೈ ಅಡ್ಡ ಹಿಡಿದು, "ಎಂಗಸ್ರು ಜಗಲಿ ಮೇಲೆ ನಿಂತು ಭಾಷ್ಣ ಮಾಡೋ ಪದ್ಧತಿ ನಮ್ಮಲ್ಲಿಲ್ಲ ಕಣಮ್ಮ" ಎನ್ನುತ್ತಿದ್ದರು. ಹಿಂದಿನ ದಿನ ಎದುರು ಪಕ್ಷದ ಅಭ್ಯರ್ಥಿ ಅದೇ ಜಗಲಿಯ ಮೇಲೆ ಚಪ್ಪಲಿ ಕಾಲಲ್ಲೇ ನಿಂತು ಮಾತಾಡಿದ್ದ. ಆಗ ದೇವರಿಗೆ ಮೈಲಿಗೆಯಾಗಲಿಲ್ಲ! ಮೇಡಂ ಮಾತ್ರ ಚರಂಡಿ ಪಕ್ಕ ನಿಲ್ಲಬೇಕು. ನನ್ನ ಮೈಯೆಲ್ಲ ಉರಿಯಿತು.

"ಈ ಗುಡಿ ದೀಪಕ್ಕೆ ಒಲ ಕೊಟ್ಟೋಳೂ ಎಂಗ್ಸೇ ಅಲ್ವೇನಣ್ಣಾ? ಅವತ್ತು ಈಸ್ಕೊಳ್ವಾಗ ಪದ್ಧತಿ ಎಲ್ಲೋಗಿತ್ತು?" ಅಂದೆ.

ಯಜಮಾನರು ಅಡ್ಡ ಹಿಡಿದ ಕೈ ತೆಗೆಯಲಿಲ್ಲ. ಮೇಡಂ ರಸ್ತೆಯಲ್ಲೇ ನಿಂತು ಮಾತಾಡಿದರು. ಒಬ್ಬೊಬ್ಬರಾಗಿ ಹೆಂಗಸರೆಲ್ಲ ಹೊಸಿಲು ದಾಟಿ ಬಂದು ಅವರ ಸುತ್ತ ನಿಂತೆವು.

ಊರ ಮುಂದೆ ನಾನು ದನಿ ಎತ್ತಿದ್ದು ಅದೇ ಮೊದಲು. ನಾಲಿಗೆ ತಡವರಿಸದಂತೆ ಈಶ್ವರ ಕಾಪಾಡಿದ, ಅಷ್ಟು ಸಾಕು. ಸಿಟ್ಟು ಇಳಿಯದೆಯೇ ಮನೆಗೆ ಬಂದು ಮುದ್ದೆಗೆ ಎಸರಿಟ್ಟೆ.