ದೊಡ್ಡಪ್ಪ ಆರಿಸಿದ ಬಿದಿರು

ಜೋರು ಗಾಳಿಗೆ ಮಗಳ ಮದುವೆಯ ಚಪ್ಪರ ತೊಟ್ಟಿಲಿನಂತೆ ತೂಗತೊಡಗಿತು. ಊಟಕ್ಕೆ ಕೂತಿದ್ದ ಬೀಗರು ಎಲೆ ಬಿಟ್ಟು ಎದ್ದೇಬಿಟ್ಟರು.

"ಯಾರ್ರೀ ಈ ಬಿದಿರು ಆರ್ಸಿದ್ದು?" ಎಂದು ಗಂಡಿನ ತಂದೆ ಗದರಿದರು.

ಆರಿಸಿದ್ದು ನನ್ನ ದೊಡ್ಡಪ್ಪ. ಬಿದಿರಿನ ಗಳ ಊರಿ ಹಾರುತ್ತಿದ್ದ ಕಾಲದಲ್ಲಿ ಪೋಲ್‌ವಾಲ್ಟ್‌ನಲ್ಲಿ ರಾಜ್ಯಕ್ಕೇ ಮೊದಲು ಬಂದವರು. ಚಪ್ಪರಕ್ಕೆ ಬಿದಿರು ತನ್ನಿ ಎಂದು ಕೊಳ್ಳೇಗಾಲಕ್ಕೆ ಕಳಿಸಿದರೆ, ಗಟ್ಟಿಯಾಗಿ ನಿಲ್ಲುವುದನ್ನೆಲ್ಲ ಪಕ್ಕಕ್ಕೆ ತಳ್ಳಿ, ಹಾರುವುದಕ್ಕೆ ಬೇಕಾದಂತೆ ಬಳುಕುವುದನ್ನೇ ಹುಡುಕಿ ನಮ್ಮೂರು ಬಂಡಳ್ಳಿಗೆ ತಂದಿದ್ದರು!

ಅವರು ಎದೆಯುಬ್ಬಿಸಿ ಮುಂದೆ ಬಂದರು. "ನಾನೇ ಕಣ್ರಿ. ಎಷ್ಟ್ ಬಗ್ಗುದ್ರೂ ಮುರಿಯಕಿಲ್ಲ, ಕೂತ್ಕಂಡು ಉಣ್ಣಿ. ಆಗ ನಂಗೆ ಇಂಥದ್ದು ಸಿಕ್ಕಿದ್ರೆ ಇನ್ನೂ ಒಂದ್ ಗೇಣು ಮ್ಯಾಕೆ ಆರ್ತಿದ್ದೆ!"

ಗಂಡಿನ ತಂದೆಗೇ ನಗು ತಡೆಯಲಾಗಲಿಲ್ಲ. ಬೀಗರು ಮತ್ತೆ ಎಲೆಯ ಮುಂದೆ ಕೂತರು. ಚಪ್ಪರ ಸಂಜೆಯವರೆಗೂ ತೂಗಿತು, ಬೀಳಲಿಲ್ಲ.

ಆ ಬಿದಿರುಗಳಲ್ಲೊಂದು ಈಗ ನಮ್ಮ ಹಿತ್ತಲಲ್ಲಿದೆ. ಎಂಬತ್ತರ ಹತ್ತಿರದ ದೊಡ್ಡಪ್ಪ ಬಂದಾಗಲೆಲ್ಲ ಅದನ್ನು ಎತ್ತಿ ಹಿಡಿದು ಬೇಲಿಯ ಕಡೆ ನೋಡುತ್ತಾರೆ. ದೊಡ್ಡವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದು ಬೇಲಿಗೆ ಅಡ್ಡ ನಿಲ್ಲುತ್ತಾರೆ.