ಬಟವಾಡಿಯಲ್ಲಿ ಐದು ಸಾವಿರ ಪದ

ಬೆಳಿಗ್ಗೆ ಆರೂವರೆ. ತುಮಕೂರಿನ ಬಟವಾಡಿಯ ಅಂಗಡಿಗಳ ಷಟರ್‌ಗಳು ಇನ್ನೂ ಮೇಲೆದ್ದಿಲ್ಲ. ಖಮರುನ್ನೀಸಾ ಅವರ ಡಿಟಿಪಿ ಅಂಗಡಿಯಲ್ಲಿ ಮಾತ್ರ ಟ್ಯೂಬ್‌ಲೈಟ್ ಉರಿಯುತ್ತಿದೆ. ಕುಣಿಗಲ್‌ನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ಮಲ್ಲಿಕಾರ್ಜುನ್ ಬಸ್ಸು ಹಿಡಿಯುವ ಮುಂಚೆ ತಮ್ಮ ಸಂಶೋಧನಾ ಲೇಖನ ಮುಗಿಸಿಕೊಳ್ಳಬೇಕು. ಪತ್ರಿಕೆಯ ಮಿತಿ ಐದು ಸಾವಿರ ಪದ; ಅವರು ತಂದಿರುವುದು ಏಳು ಸಾವಿರ. ಅಡಿಟಿಪ್ಪಣಿಗಳೂ ಲೆಕ್ಕಕ್ಕೆ ಬರುತ್ತವೆಂಬುದನ್ನು ಮರೆತಿದ್ದಾರೆ. ಎಲ್ಲರೂ ಮರೆಯುತ್ತಾರೆ.

ಖಮರುನ್ನೀಸಾ ಪರದೆಯ ಮೇಲೆ ಕತ್ತರಿಸುವುದಿಲ್ಲ. ಪ್ರಿಂಟ್ ತೆಗೆದು, ಬರೆದವರಿಂದಲೇ ಜೋರಾಗಿ ಓದಿಸುತ್ತಾರೆ. ದನಿ ಎಲ್ಲಿ ಅವಸರಪಡುತ್ತದೋ ಅಲ್ಲಿ ಪೆನ್ಸಿಲ್ ಗೀಟು.

"ಇಲ್ಲಿ ನಿಮಗೇ ಬೇಜಾರಾಯ್ತು ನೋಡಿ ಸರ್. ಓದೋರ ಗತಿ ಏನು?"

ಇವರ ಕೈಗೆ ಪರೀಕ್ಷೆ ಪೇಪರ್ ತಿದ್ದಲು ಕೊಟ್ಟರೆ ಒಬ್ಬನೂ ಪಾಸಾಗುವುದಿಲ್ಲ ಎಂದು ಮಲ್ಲಿಕಾರ್ಜುನ್ ಗೊಣಗುತ್ತಾರೆ.

ಇಪ್ಪತ್ತೆರಡು ವರ್ಷಗಳಲ್ಲಿ ಖಮರುನ್ನೀಸಾ ಅವರ ಕೈಯಲ್ಲಿ ಅಳತೆಗೆ ಬಂದ ಲೇಖನಗಳು ಸಾವಿರ ದಾಟಿವೆ. ಗುಬ್ಬಿಯಿಂದಲೂ ಮೇಷ್ಟರುಗಳು ಬರುತ್ತಾರೆ. ಕೆಲವರು ಕೊನೆಯಲ್ಲಿ ಇವರ ಹೆಸರು ಹೇಳಿ ಕೃತಜ್ಞತೆ ಬರೆದಿರುತ್ತಾರೆ. ಪದ ಹೆಚ್ಚಾದರೆ ಮೊದಲು ಹೋಗುವುದು ಆ ಸಾಲೇ. ಅದನ್ನು ಹೊಡೆದುಹಾಕುವವರೂ ಇವರೇ. ಅಪರೂಪಕ್ಕೆ ಯಾರಾದರೂ ಅಚ್ಚಾದ ಪ್ರತಿ ತಂದು ತೋರಿಸಿದರೆ ಲೇಖಕರ ಹೆಸರಿನ ಮೇಲೆ ಮೆಲ್ಲಗೆ ಬೆರಳಾಡಿಸುತ್ತಾರೆ.

ಖಮರುನ್ನೀಸಾ ಕೂಡ ಇತಿಹಾಸದಲ್ಲಿ ಎಂ.ಎ. ಮಾಡಿದವರು. ತಾಯಿ ಹಾಸಿಗೆ ಹಿಡಿದಾಗ ಪಿಎಚ್‌.ಡಿ. ಆಸೆ ಬಿಟ್ಟರು. ತಂದೆ ಬಾಬಾ ಜಾನ್ ಗುಬ್ಬಿ ಕಡೆಯ ಕಡಬದ ಸುತ್ತಿನ ಊರುಗಳಲ್ಲಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಆ ಕಸುಬಿನ ಮನೆಗಳ ಬಗ್ಗೆ ಆರು ವರ್ಷ ಅಲೆದು ಬರೆದ ಇವರದೇ ಒಂದು ಲೇಖನ ಈಗ ಸಿದ್ಧವಿದೆ, ಮಿತಿಗಿಂತ ಹತ್ತು ಪದ ಕಡಿಮೆಯಲ್ಲಿ. ಕಳಿಸಲು ಸೋಮವಾರ ಕೊನೆಯ ದಿನ. ತೊಡಕಿರುವುದು ಲೇಖಕರ ಪರಿಚಯದಲ್ಲಿ: ಐವತ್ತು ಪದ, ಹುದ್ದೆ ಮತ್ತು ಸಂಸ್ಥೆ ಸಹಿತ. ಹೋದ ವರ್ಷ ಬೇರೊಂದು ಪತ್ರಿಕೆ ಆ ಜಾಗ ಖಾಲಿಯಿದ್ದುದಕ್ಕೇ ಲೇಖನವನ್ನು ಓದದೆ ಹಿಂದಿರುಗಿಸಿತ್ತು.

ಸಹಲೇಖಕರಾಗಿ ತಮ್ಮ ಹೆಸರನ್ನು ಮೊದಲು ಹಾಕಿದರೆ ಕಾಲೇಜಿನ ಹೆಸರೂ ಬರುತ್ತದೆ, ಕೆಲಸ ಸಲೀಸು ಎಂದು ಮಲ್ಲಿಕಾರ್ಜುನ್ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಖಮರುನ್ನೀಸಾ ಪೆನ್ಸಿಲ್ ಕೆಳಗಿಡುತ್ತಾರೆ.

"ಅಬ್ಬಾ ಜೊತೆ ಊರೂರು ತಿರುಗಿದ್ದು ನಾನು ಸರ್. ನಿಮ್ ಹೆಸರು ಹೆಂಗೆ ಹಾಕ್ಲಿ?"

ಮಲ್ಲಿಕಾರ್ಜುನ್ ಬಸ್ಸಿಗೆ ಹೋದ ಮೇಲೆ ಖಮರುನ್ನೀಸಾ ಪರಿಚಯದ ಖಾಲಿ ಜಾಗದಲ್ಲಿ ಟೈಪ್ ಮಾಡುತ್ತಾರೆ: 'ಖಮರುನ್ನೀಸಾ, ಕಲಾಯಿ ಬಾಬಾ ಜಾನ್ ಅವರ ಮಗಳು. ತುಮಕೂರಿನ ಬಟವಾಡಿಯಲ್ಲಿ ಡಿಟಿಪಿ ಅಂಗಡಿ ನಡೆಸುತ್ತಾರೆ.' ಇನ್ನೊಮ್ಮೆ ಓದಿಕೊಂಡು ಕಳಿಸಿಬಿಡುತ್ತಾರೆ.

"ಹನ್ನೊಂದೇ ಪದ ಆಯ್ತು," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. "ಇನ್ನೂ ಮೂವತ್ತೊಂಬತ್ತಕ್ಕೆ ಜಾಗ ಇತ್ತು. ಇರ್ಲಿ ಬಿಡು. ಈ ಸಲನಾದ್ರೂ ಒಳಗಡೆ ಬರ್ದಿರೋದನ್ನ ಓದಿದ್ರೆ ಸಾಕು."